ನಯಾಜ್ ಇಲ್ಲದ ಕ್ಲಬ್ಬಿನ ಚರಿತ್ರೆ

ಚಿಂತಾಮಣಿ ಟೀಮಿನ ಮೇಲೆ ನಾನು ಎರಡು ಗೋಲ್ ಹೊಡೆದಿದ್ದೇನೆ. ಈ ವಿಷಯ ನನಗೆ ಗೊತ್ತಾದದ್ದು ಕಳೆದ ಭಾನುವಾರ.

ಅಂದು ಶಿಡ್ಲಘಟ್ಟದ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸ್ಮರಣ ಸಂಚಿಕೆ ಬಿಡುಗಡೆಯಾಯಿತು. ಅದರಲ್ಲಿ ಕ್ಲಬ್ಬಿನ ಚರಿತ್ರೆ ಅಂತ ನಾಲ್ಕು ಪುಟ. ಮೂರನೇ ಪುಟದಲ್ಲಿ ನನ್ನ ಗೋಲುಗಳು. ನನ್ನ ಹೆಂಡತಿ ಓದಿ, "ಇದು ನೀವೇನಾ?" ಅಂದಳು. ಏನು ಹೇಳಲಿ? ನಾನು ಟೀಮಿನಲ್ಲಿ ಎಕ್ಸ್‌ಟ್ರಾ. ಆ ಮ್ಯಾಚಿನ ದಿನ ನಾನು ಗೆರೆ ದಾಟಿ ಒಳಗೆ ಹೋದದ್ದು ಒಂದೇ ಸಲ. ನುಗ್ಗಿದ ಎಮ್ಮೆಯನ್ನು ಓಡಿಸಲು.

ಇನ್ನೂ ತಮಾಷೆ ಕೇಳಿ. ಆ ಚರಿತ್ರೆಯ ಕೆಳಗೆ ಲೇಖಕ ಅಂತ ಅಚ್ಚಾಗಿರುವುದು ನನ್ನದೇ ಹೆಸರು!

ಬರೆದುಕೊಟ್ಟದ್ದು ನಾನೇ. ಆದರೆ ಬರೆದದ್ದು ಬೇರೆ, ಬಂದದ್ದು ಬೇರೆ.

ಕ್ಲಬ್ ಕಟ್ಟಿದವನು ನಯಾಜ್. ಎಂಬತ್ತರ ದಶಕದ ಶುರುವಿನ ಮಾತು. ಅವರ ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ದಿನವಿಡೀ ಗೂಡು ಬೇಯಿಸುವ ಬಿಸಿನೀರಲ್ಲಿ ಅದ್ದಿ ಅವನ ಬೆರಳೆಲ್ಲ ಬಿಳಿಚಿಕೊಂಡಿರುತ್ತಿದ್ದವು. ಸಂಜೆ ಅದೇ ಕೈಯಲ್ಲಿ ಗೋಲ್ ಕಾಯುತ್ತಿದ್ದ. ರೈತರ ಮನೆಯವರು, ದಿನಸಿ ಅಂಗಡಿಯವರು, ಒಬ್ಬ ಟೈಲರ್, ಕಾಲೇಜಿಗೆ ಹೋಗುತ್ತಿದ್ದ ನಾನು, ಎಲ್ಲರನ್ನೂ ಮನೆಮನೆಗೆ ಬಂದು ಕರೆದುಕೊಂಡು ಹೋದವನು ಅವನೇ. ಕೆರೆ ಅಂಗಳದ ಕಲ್ಲು ಆಯ್ದು ಮೈದಾನ ಮಾಡಿದೆವು. ಬಿದಿರಿನ ಗೋಲ್ ಪೋಸ್ಟ್ ನೆಟ್ಟೆವು.

ಮೊದಲ ಮ್ಯಾಚಿನಲ್ಲಿ ಗೌರಿಬಿದನೂರಿನವರು ನಮಗೆ ಒಂಬತ್ತು ಗೋಲ್ ಹೊಡೆದರು. ಬರುವಾಗ ಬಸ್ಸಿನಲ್ಲಿ ನಯಾಜ್ ಅಂದಿದ್ದು ನೆನಪಿದೆ. "ಬಿಟ್ಟಿದ್ದು ಎಲ್ಲರೂ ಎಣಿಸ್ತಾರೆ ಕಣೋ. ಹಿಡಿದಿದ್ದು ಯಾರೂ ಎಣಿಸಲ್ಲ."

ಡೀಟರ್ ಬಂದದ್ದು ಆಮೇಲೆ. ಚಿಕ್ಕಬಳ್ಳಾಪುರದ ಹತ್ತಿರ ಒಂದು ಮಿಲ್ಲಿಗೆ ಮೆಷಿನ್ ಕೂರಿಸಲು ಬಂದಿದ್ದ ಜರ್ಮನ್ ಮೆಕ್ಯಾನಿಕ್. ಒಂದು ಸಂಜೆ ನಮ್ಮ ಆಟ ನೋಡಿ ಜೀಪ್ ನಿಲ್ಲಿಸಿದ. ಶೂ ಬಿಚ್ಚಿ ಆಡಿದ. ಮೂರು ತಿಂಗಳು ಬಿಡುವಾದಾಗಲೆಲ್ಲ ಬಂದ. ಊರಿಗೆ ಹೋದ ಮೇಲೆ ನಯಾಜ್ ಹೆಸರಿಗೆ ಒಂದು ಪುಸ್ತಕ ಕಳಿಸಿದ. ಅವನ ಹಳ್ಳಿಯ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ. ನಮಗೆ ಜರ್ಮನ್ ಎಲ್ಲಿ ಬರಬೇಕು? ಯಾವ ಪುಟದಲ್ಲಿ ಏನಿದೆ ಅಂತ ಇಂಗ್ಲಿಷಿನಲ್ಲಿ ಕಾಗದ ಬರೆದು ಜೊತೆಗಿಟ್ಟಿದ್ದ.

ಅಲ್ಲಾ ಸ್ವಾಮಿ, ಏನು ಕ್ಲಬ್ಬು ಅದು? ಒಂದು ದೊಡ್ಡ ಕಪ್ ಗೆದ್ದದ್ದಿಲ್ಲ. ಬೇಕರಿಯವನು, ಪೋಸ್ಟ್‌ಮ್ಯಾನ್, ಹಸು ಸಾಕುವವನು ಆಡುತ್ತಿದ್ದ ಟೀಮು. ಮೂವತ್ತು ವರ್ಷ ಜೆರ್ಸಿ ಒಗೆದ ಹೆಂಗಸಿನ ಫೋಟೋ ಇಡೀ ಪುಟ. ಹದಿನಾಲ್ಕು ಗೋಲಿನಲ್ಲಿ ಸೋತ ಮ್ಯಾಚಿಗೂ ಒಂದು ಪುಟ. ಇನ್ನೊಂದು ಪುಟದಲ್ಲಿ ಒಬ್ಬ ಗೋಲ್‌ಕೀಪರ್. ಯೆಹೂದಿ. ನಾಜಿಗಳ ಕಾಲದಲ್ಲಿ ಅವನನ್ನು ಕ್ಲಬ್ಬೇ ಹೊರಗೆ ಹಾಕಿತ್ತು. ಅವನ ಹೆಸರು ಹಾಕಿ, ಕೆಳಗೆ 'ನಾವೇ ಹಾಕಿದೆವು, ನಮಗೆ ನಾಚಿಕೆಯಾಗುತ್ತದೆ' ಅಂತ ಬರೆದಿದ್ದರಂತೆ.

ಇಟ್ಟುಕೋ ಅಂತ ನಯಾಜ್ ಕೊಟ್ಟಿದ್ದ ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ನಮ್ಮ ಕ್ಲಬ್ಬಿನ ಚರಿತ್ರೆಯನ್ನೂ ಹಾಗೇ ಬರೆಯೋಣ ಅಂತ ಕೂತೆ. ನಯಾಜ್, ಬಿದಿರು, ಒಂಬತ್ತು ಗೋಲು, ಎಲ್ಲ ಬರೆದೆ. ತೊಂಬತ್ತರ ದಶಕದ ಶುರುವಿನ ಆ ಮೀಟಿಂಗನ್ನೂ ಬರೆದೆ. ಆಗ ಪೇಪರ್ ತೆರೆದರೆ ಗಲಭೆ, ಕರ್ಫ್ಯೂ. ನಮ್ಮ ಬೀದಿಯಲ್ಲಿ ಒಂದು ಕಲ್ಲೂ ಬಿದ್ದಿರಲಿಲ್ಲ. ಆದರೂ ಕಮಿಟಿ ಸೇರಿತು. ವಾತಾವರಣ ಸರಿಯಿಲ್ಲ, ನಯಾಜ್ ಸ್ವಲ್ಪ ದಿನ ಬರುವುದು ಬೇಡ ಅಂತು. (ಅವನ ಒಳ್ಳೆಯದಕ್ಕೇ ಅಂತೆ. ಇಂಥ ಕೆಲಸವನ್ನು ಯಾರಾದರೂ ತಮ್ಮ ಒಳ್ಳೆಯದಕ್ಕೆ ಮಾಡಿದ್ದುಂಟೇ?) ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಅವನ ಹಿಂದೆ ಇನ್ನೂ ಮೂವರು ತಾವಾಗಿಯೇ ಬಿಟ್ಟರು.

ಸಂಚಿಕೆಯಲ್ಲಿ ಇದ್ಯಾವುದೂ ಇಲ್ಲ. ಕ್ಲಬ್ ಕಟ್ಟಿದ್ದು 'ಊರಿನ ಹಿರಿಯರು'. ಗೋಲ್‌ಕೀಪರ್ ಇಲ್ಲವೇ ಇಲ್ಲ. ಹತ್ತು ಜನರ ಟೀಮು! ಗ್ರೂಪ್ ಫೋಟೋದಲ್ಲಿ ಎಡತುದಿ ಕತ್ತರಿಸಿದೆ. ಯಾರದ್ದೋ ಭುಜದ ಮೇಲೆ ಒಂದು ಕೈ ಮಾತ್ರ ಉಳಿದಿದೆ.

ಸಮಾರಂಭದಲ್ಲಿ ಅಧ್ಯಕ್ಷರನ್ನು ಹಿಡಿದು ಕೇಳಿದೆ. (ಕಲ್ಲು ಕ್ವಾರಿಯ ಯಜಮಾನರು. ಫುಟ್‌ಬಾಲನ್ನು ಅವರು ಮುಟ್ಟಿದ್ದು ಫೋಟೋಗೆ, ಅದೂ ಕೈಯಲ್ಲಿ.)

"ನಯಾಜ್ ಎಲ್ಲಿ ಸಾರ್?"

"ಪೋನೀ ಬಿಡಿ ಮೇಷ್ಟ್ರೇ. ಹಳೇದೆಲ್ಲ ಯಾಕೆ? ಪಾಸಿಟಿವ್ ಆಗಿರ್ಲಿ ಅಂತ ಸ್ವಲ್ಪ ತಿದ್ದಿಸ್ದೆ."

"ನಾನು ಯಾವಾಗ ಗೋಲ್ ಹೊಡ್ದೆ?"

"ನೀವು ಪೇಪರಲ್ಲಿ ಬರಿಯೋರು. ನಿಮ್ಮನ್ನ ಸುಮ್ನೆ ಎಕ್ಸ್‌ಟ್ರಾ ಅಂತ ಹಾಕಿದ್ರೆ ಚೆನ್ನಾಗಿರುತ್ತಾ?"

ಎಂಥ ದೊಡ್ಡ ಮನಸ್ಸು! ಒಬ್ಬನನ್ನು ಅಳಿಸಿ, ಇನ್ನೊಬ್ಬನಿಗೆ ಗೋಲ್ ಹಂಚಿದ್ದಾರೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಹೋದೆ. ಶಾಲು ಹೊದಿಸಿದರು. ಹೊದಿಸಿಕೊಂಡೆ. ಜನ ಚಪ್ಪಾಳೆ ತಟ್ಟಿದರು. ಮೈಕ್ ನನ್ನ ಬಾಯಿಯಿಂದ ಒಂದು ಗೇಣು ದೂರ ಇತ್ತು. ನಾನು ಹೇಳಿದ್ದು 'ಧನ್ಯವಾದ'.

ಮಾರನೇ ದಿನ ತಡೆಯಲಾಗಲಿಲ್ಲ. ನನ್ನ ಕೈಬರಹದ ಪ್ರತಿ, ಆ ಸಂಚಿಕೆ, ಎರಡನ್ನೂ ಹಿಡಿದು ನಯಾಜ್ ಮನೆಗೆ ಹೋದೆ. ಎಷ್ಟೋ ವರ್ಷದ ಮೇಲೆ. ಬೀದಿಯಲ್ಲಿ ಎದುರಾದರೆ ನಗುತ್ತಿದ್ದೆವು, ಅಷ್ಟೇ. ಅವನು ಕನ್ನಡಕ ಹಾಕಿಕೊಂಡು ಮೊದಲು ಸಂಚಿಕೆ ಓದಿದ.

"ಅರೆ! ಎರಡು ಗೋಲ್! ಮುಬಾರಕ್ ಕಣೋ!"

ಜೋರಾಗಿ ನಕ್ಕ. ನನಗೆ ಧೈರ್ಯ ಬಂತು. ನಾನು ಬರೆದದ್ದು ಇದು, ಅವರು ಕೆಡಿಸಿದ್ದು ಅದು ಅಂತ ಕೈಬರಹ ಕೊಟ್ಟೆ. ನಿಧಾನಕ್ಕೆ ಓದಿದ. ಒಂದು ಕಡೆ ಬೆರಳಿಟ್ಟು ಓದು ನಿಲ್ಲಿಸಿದ.

"ಚೆನ್ನಾಗಿ ಬರ್ದಿದ್ದೀಯ. ಆದ್ರೆ ಇಲ್ಲಿ 'ಸಮಿತಿ ತೀರ್ಮಾನಿಸಿತು' ಅಂತ ಇದೆಯಲ್ಲ. ಸಮಿತಿ ಅಂದ್ರೆ ಯಾರಪ್ಪ?"

ಆಗಿನ ಅಧ್ಯಕ್ಷರ ಹೆಸರು ಹೇಳಿದೆ. ಆಗಿನ ಕಾರ್ಯದರ್ಶಿಯ ಹೆಸರು ಹೇಳಿದೆ.

"ಅವರು ನಮ್ಮನೆಗೆ ಬರ್ಲಿಲ್ಲ. ಬಂದು ಹೇಳಿದ್ದು ನೀನು. ಅಮ್ಮೀ ಕೊಟ್ಟ ಚಾ ಕುಡಿದು, ಆಮೇಲೆ ಹೇಳ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಹಾಳೆಗಳನ್ನು ಮಡಿಸಿ ವಾಪಸ್ ಕೊಟ್ಟ. "ಶೆಡ್ಡಲ್ಲಿ ಕೆಲಸ ಇದೆ" ಅಂತ ಎದ್ದ.

ಅಧ್ಯಕ್ಷರು ಫೋಟೋದಿಂದ ಒಬ್ಬನನ್ನು ಕತ್ತರಿಸಿದರು. ಅವರನ್ನು ಬೈಯಲು ನನಗೆ ಆ ರಾತ್ರಿಯಿಡೀ ಬಾಯಿ ಸಾಕಾಗಲಿಲ್ಲ. ಅದಕ್ಕೂ ಮೊದಲೇ, ಒಂದು ವಾಕ್ಯದಿಂದ ನಾನು ನನ್ನನ್ನೇ ನೀಟಾಗಿ ಕತ್ತರಿಸಿಕೊಂಡಿದ್ದೆ. ಅವರಿಗೆ ಕತ್ತರಿ ಬೇಕಾಯಿತು. ನನಗೆ ಒಳ್ಳೆಯ ಕನ್ನಡ ಸಾಕಾಯಿತು.

ಆದ್ದರಿಂದ ಆ ವಾಕ್ಯವನ್ನು ಇಲ್ಲಿ ಸರಿಯಾಗಿ ಬರೆಯುತ್ತೇನೆ, ಸಂಪಾದಕರು ದಯವಿಟ್ಟು ತಿದ್ದಬಾರದು: ಅಂದು ಕಮಿಟಿಯಲ್ಲಿ ಏಳು ಜನ ಇದ್ದೆವು, ಕೈ ಎತ್ತಿದವರೂ ಏಳೇ.