ಜುರಾಂಗ್ ವೆಸ್ಟ್‌ನಲ್ಲಿ ಟ್ರಾಯ್ ಯುದ್ಧ

ಮೊನ್ನೆ, ಈಗ ನಾವಿರುವ ಸೆಂಗ್‌ಕಾಂಗ್‌ನಲ್ಲಿ, ಪಕ್ಕದ ಮನೆಯವರು ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. "ಕಿಟಕಿ ಕ್ಲೋಸ್ ಮಾಡ್ರೀ" ಎಂದಳು ಹೆಂಡತಿ. ನಾನು ಮಾಡಲಿಲ್ಲ. ಅದು ಅಂಕಲ್ ಮೈಯ ವಾಸನೆ...

ತೊಂಬತ್ತರ ದಶಕದಲ್ಲಿ, ಇದೇ ಪರದೇಶದ ನಗರದ ಇನ್ನೊಂದು ತುದಿಯ ಜುರಾಂಗ್ ವೆಸ್ಟ್‌ನಲ್ಲಿ, ನಮ್ಮ ಕೆಳಗಿನ ಮಹಡಿಯಲ್ಲಿದ್ದವರು ಅವರು. ಉಡುಪಿ ಕಡೆಯವರು, ಹಡಗು ಕಟ್ಟುವಲ್ಲಿ ವೆಲ್ಡರ್, ಮಹಾ ಹಠಮಾರಿ. ಅವರ ಒಬ್ಬನೇ ಮಗ ಊರಿನಲ್ಲಿ ಮೀನಿನ ಬೋಟಿನಲ್ಲಿ ಹೋದವನು ವಾಪಸ್ ಬಂದಿರಲಿಲ್ಲ. ಹೆಣ ಸಿಗದೆ ಕಾರ್ಯ ಮಾಡುವುದಕ್ಕೆ ಆಂಟಿ ಒಪ್ಪಿರಲಿಲ್ಲ. ನಮಗೆಲ್ಲ ಇದು ಗೊತ್ತಿತ್ತು, ಆದರೆ ಅವರೆದುರು ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅದನ್ನೇ ನಾವು ದೊಡ್ಡ ಮರ್ಯಾದೆ ಎಂದುಕೊಂಡಿದ್ದೆವು.

ವರ್ಷಕ್ಕೊಮ್ಮೆ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ಜಾಗದಲ್ಲಿ, ಅಂಕಲ್ ತಾಳಮದ್ದಳೆ ನಡೆಸುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತು ವಾದ ಮಾಡುತ್ತಲೇ ಕಥೆ ನಡೆಸುವುದು. ಮೈಸೂರಿನವನಾದ ನನಗೆ ಅದನ್ನು ಕಲಿಸಿದವರೂ ಅವರೇ. ಆ ವರ್ಷ ನಮ್ಮ ಮಕ್ಕಳು ಶಾಲೆಯಲ್ಲಿ ಕೇಳಿಬಂದ ಟ್ರಾಯ್ ಯುದ್ಧದ ಕಥೆ ಹೇಳಿದರು. ಹತ್ತು ವರ್ಷದ ಮುತ್ತಿಗೆ, ಮರದ ಕುದುರೆ... ಕುದುರೆಗೆ ಅಂಕಲ್ ಸೊಪ್ಪು ಹಾಕಲಿಲ್ಲ. ಸತ್ತ ಮಗನ ಹೆಣ ಕೇಳಲು ಟ್ರಾಯ್‌ನ ಮುದಿ ರಾಜ ಶತ್ರುವಿನ ಡೇರೆಗೇ ಹೋಗುವ ಭಾಗ ಬಂದಾಗ ಮಾತ್ರ ನೆಟ್ಟಗೆ ಕೂತರು.

"ಈ ಸಲ ಇದೇ ಪ್ರಸಂಗ" ಎಂದರು.

ನಮ್ಮ ಪುರಾಣ ಬಿಟ್ಟು ಇದೆಲ್ಲ ಯಾಕೆ ಎಂದು ಗೊಣಗಿದವರಿದ್ದರು. ಅವರು ಜಗ್ಗಲಿಲ್ಲ. ಪದ್ಯಗಳನ್ನೂ ತಾವೇ ಕಟ್ಟಿದರು. ರಾಜ ಅವರು, ಮಗನನ್ನು ಕೊಂದ ಗ್ರೀಕ್ ವೀರ ನಾನು.

ಭಾನುವಾರ ಮಧ್ಯಾಹ್ನ. ಪದ್ಯ ಮುಗಿದ ಮೇಲೆ ಅಂಕಲ್, "ನನ್ನ ಮಗನನ್ನು ಕೊಡು" ಎಂದರು. ಮುಂದಿನ ಸಾಲಿನಲ್ಲೇ ಆಂಟಿ ಕೂತಿದ್ದರು. ನಾನು ಅವರ ಮುಖ ನೋಡಿದೆ. "ಕೊಟ್ಟೆ, ಕರೆದುಕೊಂಡು ಹೋಗು" ಎಂದುಬಿಟ್ಟೆ.

ಅಂಕಲ್ ಮುಖ ಕೆಂಪಾಯಿತು. ತಾಳಮದ್ದಳೆಯಲ್ಲಿ ವಾದವಿಲ್ಲದೆ ಸೋಲುವುದೆಂದರೆ ಎದುರಿನವನಿಗೆ ಅವಮಾನ ಮಾಡಿದಂತೆ. ಅವರು ಪಾತ್ರ ಬಿಟ್ಟು ನನ್ನತ್ತ ಬಾಗಿದರು.

"ಎಂಥದು ಮಾರಾಯ್ರೆ? ಇಷ್ಟು ಬೇಗ ಕೊಟ್ರೆ ಹೇಗೆ? ನಾನಿನ್ನೂ ಕೇಳ್ಲೇ ಇಲ್ಲ." ಆಮೇಲೆ ಮೆಲ್ಲಗೆ, "ಸಮುದ್ರ ಉತ್ತರ ಕೊಡುದಿಲ್ಲ. ನೀವಾದ್ರೂ ಇಲ್ಲ ಅನ್ನಿ" ಎಂದರು.

ಹಲ್ಲು ಕಚ್ಚಿಕೊಂಡು ಇಲ್ಲ ಅಂದೆ. ಯುದ್ಧದಲ್ಲಿ ಸತ್ತವನು ಗೆದ್ದವನ ಸೊತ್ತು ಅಂದೆ. ಅವರು ಬಿಡಲಿಲ್ಲ. ರಾಜಕುಮಾರನ ಬಾಲ್ಯ ಹೇಳುತ್ತ ಹೇಳುತ್ತ ಬಂಗುಡೆ ಸಾರು ಬಂತು, ಹರಿದ ಶಾಲೆ ಚೀಲ ಬಂತು, ಕೊನೆಯ ಸಲ ಫೋನಿನಲ್ಲಿ ಬೈದದ್ದೂ ಬಂತು. ಟ್ರಾಯ್‌ನಲ್ಲಿ ಫೋನ್ ಎಲ್ಲಿಂದ ಬಂತೆಂದು ಮಕ್ಕಳು ಕೂಡ ಕೇಳಲಿಲ್ಲ. ಪೂರಾ ಒಂದು ಗಂಟೆ ಅವರು ಕೇಳಿದರು, ನಾನು ಇಲ್ಲವೆಂದೆ. ಅಷ್ಟು ಕಷ್ಟದ ಮಾತು ನಾನು ಬೇರೆಂದೂ ಆಡಿಲ್ಲ. ಕೊನೆಗೆ ಕೊಟ್ಟಾಗ ಆಂಟಿ ಎಲ್ಲರೆದುರು ಜೋರಾಗಿ ಅತ್ತರು. ಮುಂದಿನ ತಿಂಗಳೇ ಇಬ್ಬರೂ ಊರಿಗೆ ಹೋಗಿ ಮಗನ ಕಾರ್ಯ ಮುಗಿಸಿ ಬಂದರು.

ರಿಟೈರಾದ ಮೇಲೆ ಅವರು ಊರಿಗೆ ಹೋದರು. ಹೋದ ವರ್ಷ ಅಲ್ಲಿಂದ ಯಾರೋ ಫೋನ್ ಮಾಡಿ, ಅಂಕಲ್ ತೀರಿಕೊಂಡರು ಎಂದರು. "ವಯಸ್ಸಾಗಿತ್ತು ಬಿಡಿ" ಎಂದೂ ಸೇರಿಸಿದರು.

"ಹೌದು, ವಯಸ್ಸಾಗಿತ್ತು" ಎಂದೆ ನಾನು. ಅಷ್ಟು ಬೇಗ ಒಪ್ಪಿಕೊಂಡುಬಿಟ್ಟೆ.