ತೀರ್ಪು ಕೊಟ್ಟು ಕೆಟ್ಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೇಸ್‌ಬಾಲಿನ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಆಟಗಾರ ಯಾರು ಎಂದು ನನಗೆ ಗೊತ್ತಿಲ್ಲ. ಅದರಲ್ಲೇನಿದೆ, ನಮಗೂ ಗೊತ್ತಿಲ್ಲ ಎಂದು ನೀವು ಅನ್ನಬಹುದು. ಆದರೆ ನಮ್ಮಪ್ಪ ಮತ್ತು ಸದಾಶಿವ ಮಾವನ ನಡುವೆ ಒಂದೇ ಸೋಫಾದಲ್ಲಿ ಹತ್ತು ಹನ್ನೆರಡು ವರ್ಷ ಕೂತವರು ನೀವಲ್ಲ.

ಮೇಲಾಗಿ ನಾನು ಡಿಬೇಟಿನವಳು. ಯೂನಿವರ್ಸಿಟಿಯ ಡಿಬೇಟ್ ತಂಡದಲ್ಲಿ ಮೊದಲು ಮರೆಸುವುದೇ ‘ಗೊತ್ತಿಲ್ಲ’ ಎನ್ನುವ ಮಾತನ್ನು. ಅಲ್ಲಿ ನಾಣ್ಯ ಚಿಮ್ಮಿ ಪಕ್ಷ ಹಂಚುತ್ತಾರೆ. ಬೆಳಿಗ್ಗೆ ಮರಣದಂಡನೆ ಬೇಕು ಎಂದು ವಾದಿಸಿ ಗೆದ್ದು, ಊಟ ಮುಗಿಸಿ, ಮಧ್ಯಾಹ್ನ ಬೇಡವೇ ಬೇಡ ಎಂದು ವಾದಿಸಿ ಗೆದ್ದಿದ್ದೇನೆ. ಎರಡು ಸಲವೂ ಹೇಳಿದ್ದನ್ನು ನಂಬಿಯೇ ಹೇಳಿದ್ದೆ; ಎರಡು ಸಲವೂ ನಾಟಕವಾಗಿರಲಿಲ್ಲ. ಹೀಗಾಗಿ ಯಾರಾದರೂ ನಿನ್ನ ಸ್ವಂತ ಅಭಿಪ್ರಾಯ ಏನಮ್ಮ ಎಂದು ಕೇಳಿದರೆ ನನ್ನ ಕೈ ತಾನಾಗಿ ಜೇಬಿನಲ್ಲಿ ನಾಣ್ಯ ಹುಡುಕುತ್ತದೆ.

ಸದಾಶಿವ ಮಾವ ನನ್ನ ಸ್ವಂತ ಮಾವನಲ್ಲ. ನಾವು ಟೊರಾಂಟೊದ ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಎದುರು ಬಾಗಿಲಿನವರು. ಕಾರ್ಕಳದ ಕಡೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು, ಇಲ್ಲಿಗೆ ಬಂದು ಯಂಗ್ ಸ್ಟ್ರೀಟಿನ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವರು. ಅಪ್ಪ ಮೈಸೂರಿನ ಇಂಜಿನಿಯರು, ಯೂನಿಯನ್‌ವಿಲ್ ಹತ್ತಿರ ಸಾಫ್ಟ್‌ವೇರ್ ಕೆಲಸ. ತೊಂಬತ್ತರ ಆಸುಪಾಸಿನಲ್ಲಿ ಈ ಇಬ್ಬರಿಗೂ ಬೇಸ್‌ಬಾಲ್ ಬರುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳೋಣ ಎಂದರೆ ಕಛೇರಿಯಲ್ಲಿ ನಾಚಿಕೆ. ಆದ್ದರಿಂದ ಒಬ್ಬರಿಗೊಬ್ಬರು ಕಲಿಸಿಕೊಂಡರು, ಅಂದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿ ಇನ್ನೊಂದು ತಪ್ಪು ಮಾಡಿದರು. ಆ ತಿದ್ದುಪಡಿಯೇ ಬೆಳೆದು ಶನಿವಾರದ ಜಗಳವಾಯಿತು.

ಜಗಳಕ್ಕೆ ಎರಡು ಅಂಕ. ಮೊದಲನೆಯದು, ಸಾರ್ವಕಾಲಿಕ ಶ್ರೇಷ್ಠ ಯಾರು. ಅಪ್ಪನ ಪ್ರಕಾರ, ಕಪ್ಪುಬಿಳುಪು ಫೋಟೋಗಳ ಕಾಲದ ಒಬ್ಬ ದಾಂಡಿಗ.

“ಅಲ್ಲ ಮೂರ್ತಿಯವ್ರೆ, ಅವನ ಕಾಲದಲ್ಲಿ ಕರಿಯರನ್ನು ಆಡ್ಲಿಕ್ಕೇ ಬಿಡ್ತಿರ್ಲಿಲ್ಲ. ಅರ್ಧ ಊರನ್ನು ಗೇಟಿನ ಹೊರಗೆ ನಿಲ್ಲಿಸಿ ನಾನೇ ಫಸ್ಟು ಅಂದ್ರೆ ಹೇಗೆ?” ಎಂದು ಮಾವ.

“ಗೇಟ್ ಹಾಕಿದ್ದು ಅವನೇನ್ರೀ ಶೆಟ್ರೇ?” ಎಂದು ಅಪ್ಪ.

“ಹಾಕ್ಲಿಲ್ಲ. ಆದ್ರೆ ತೆಗಿ ಅಂತ ಹೇಳ್ಲೂ ಇಲ್ಲ ಅಲ್ವಾ?”

ಇಷ್ಟು ಒಳ್ಳೆಯ ವಾದ ಯೂನಿವರ್ಸಿಟಿಯಲ್ಲೂ ನಾನು ಹೆಚ್ಚು ಕೇಳಿಲ್ಲ. ಆದರೆ ಅಲ್ಲಿಂದ ಮಾವ ಈಚಿನ ಕಾಲದ ತಮ್ಮ ಮೆಚ್ಚಿನ ಪಿಚರಿನ, ಅಂದರೆ ಎಸೆತಗಾರನ, ಕಡೆ ಜಾರಿ, “ಚೆಂಡು ಬಿಸಾಡುವವ ಇಲ್ಲದಿದ್ರೆ ಹೊಡೆಯುವವ ಎಂತ ಗಾಳಿಗೆ ಹೊಡಿತಾನಾ?” ಎಂದುಬಿಡುತ್ತಿದ್ದರು. ಒಬ್ಬ ದಾಂಡಿಗ, ಒಬ್ಬ ಎಸೆತಗಾರ, ನಡುವೆ ಅರ್ಧ ಶತಮಾನ. ಇವರಿಬ್ಬರನ್ನು ಯಾವ ತಕ್ಕಡಿಯಲ್ಲಿ ತೂಗುವುದು? ನನ್ನ ತಲೆ ಅಲ್ಲಿಗೇ ಕೆಡುತ್ತಿತ್ತು.

ಎರಡನೆಯ ಅಂಕ ಟ್ರೇಡಿನದು. ಒಂದು ಚಳಿಗಾಲ ನಮ್ಮೂರ ತಂಡ ತನ್ನ ಇಬ್ಬರು ಮುದ್ದಿನ ಆಟಗಾರರನ್ನು ಇನ್ನೊಂದು ತಂಡಕ್ಕೆ ಕೊಟ್ಟು ಅಲ್ಲಿಂದ ಇಬ್ಬರನ್ನು ತಂದಿತು. ಹಾಗೆ ಕೊಟ್ಟ ಇಬ್ಬರಲ್ಲಿ ಒಬ್ಬನನ್ನು ಅಪ್ಪ ತುಂಬ ಹಚ್ಚಿಕೊಂಡಿದ್ದರು. ಟಿವಿಯಲ್ಲಿ ಹೆಸರು ಓದದೆ ಮುಖ ನೋಡಿ ಗುರುತಿಸಿದ ಮೊದಲ ಆಟಗಾರ ಅವನಂತೆ. ಮುಂದೆ ನಮ್ಮ ತಂಡ ಸಾಲಾಗಿ ಎರಡು ವರ್ಷ ಚಾಂಪಿಯನ್ ಆಯಿತು. ಟ್ರೇಡ್ ಸರಿ ಎನ್ನಲು ಮಾವನಿಗೆ ಅದೇ ಸಾಕ್ಷಿ. ಅವನಿದ್ದಿದ್ದರೂ ಗೆಲ್ಲುತ್ತಿದ್ದರು ಎಂದು ಅಪ್ಪ. ಗೆದ್ದು ಹತ್ತು ವರ್ಷ ಕಳೆದರೂ ಈ ಗೆಲುವು ಸರಿಯೋ ತಪ್ಪೋ ಎಂದು ಹೊಡೆದಾಡುತ್ತಿದ್ದ ಅಭಿಮಾನಿಗಳು ಟೊರಾಂಟೊದಲ್ಲಿ ಇವರಿಬ್ಬರೇ ಇದ್ದಿರಬೇಕು.

ಅಮ್ಮನಿಗೆ ಟ್ರೇಡ್ ಎಂದರೆ ಹೆಣ್ಣು ಕೊಟ್ಟು ಹೆಣ್ಣು ತರುವ ಸಾಟಿ ಸಂಬಂಧ. ಅಷ್ಟರಮಟ್ಟಿಗೆ ಒಪ್ಪಿದಳು. ಆದರೆ ಈ ಆಟದಲ್ಲಿ ಇನ್ನೊಂದು ಪದ್ಧತಿ ಇದೆ: ಇವತ್ತು ನಿಮ್ಮವನನ್ನು ಕೊಡಿ, ಬದಲಿಗೆ ನಾವು ಒಬ್ಬನನ್ನು ಕೊಡುತ್ತೇವೆ, ಅವನ ಹೆಸರು ಮಾತ್ರ ಆಮೇಲೆ ಹೇಳುತ್ತೇವೆ. ಒಪ್ಪಂದದಲ್ಲಿ ಹಾಗೇ ಬರೆಯುತ್ತಾರೆ. ಅಮ್ಮ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದಳು. “ಹೆಸರೇ ಹೇಳದೆ? ಜಾತಕ ಬೇಡ, ಹೆಸರಾದ್ರೂ ಬೇಡ್ವೇನ್ರೀ?” ಅಂದಿನಿಂದ ಆ ಆಟದ ಮೇಲೆ ಅವಳಿಗೆ ನಂಬಿಕೆ ಹೋಯಿತು.

ಆಮೇಲೆ ನಾವು ಹಿತ್ತಲಿರುವ ಮನೆಯ ಆಸೆಗೆ ಟೊರಾಂಟೊ ಬಿಟ್ಟು ಜಾರ್ಜ್‌ಟೌನಿಗೆ ಬಂದೆವು. ಮಾವ ಶನಿವಾರ ತಪ್ಪಿಸಲಿಲ್ಲ. ಅತ್ತೆಗೆ ಅಂದು ಆಸ್ಪತ್ರೆಯಲ್ಲಿ ಶಿಫ್ಟು. ಇವರು ಸಬ್‌ವೇ ಹಿಡಿದು, ಬಸ್ಸು ಹಿಡಿದು, ಡಬ್ಬಿಯಲ್ಲಿ ಗೋಳಿಬಜೆ ಹಿಡಿದು, ಅರ್ಧ ದಿನ ಪ್ರಯಾಣಕ್ಕೇ ಸುರಿದು ಬರುತ್ತಿದ್ದರು. ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ, “ಮೂರ್ತಿಯವ್ರೆ, ಕಳೆದ ವಾರ ನೀವು ಹೇಳಿದ್ದು ತಪ್ಪು” ಎನ್ನುತ್ತಿದ್ದರು. ಅಪ್ಪನ ಮುಖ ದೀಪ ಹಚ್ಚಿದ ಹಾಗೆ ಆಗುತ್ತಿತ್ತು. ಜಾರ್ಜ್‌ಟೌನಿನಲ್ಲಿ ಅಪ್ಪನಿಗೆ ಹುಲ್ಲು ಕತ್ತರಿಸುವ ಯಂತ್ರದ ಪರಿಚಯವಾಯಿತು, ಎಡಬಲದವರ ನಗು ಪರಿಚಯವಾಯಿತು. ಸ್ನೇಹಿತ ಎಂದು ಇದ್ದದ್ದು ಶನಿವಾರದ ಬಸ್ಸಿನಲ್ಲಿ ಬರುವ ಒಬ್ಬರೇ. ಇದು ನನಗೆ ಆಗ ಕಾಣಲಿಲ್ಲ. ನನಗೆ ಕಂಡದ್ದು ತೀರ್ಮಾನವಾಗದೆ ಬಿದ್ದ ಒಂದು ವಾದ.

ಯೂನಿವರ್ಸಿಟಿಯ ಎರಡನೆಯ ವರ್ಷ, ಡಿಬೇಟಿನಲ್ಲಿ ಒಂದು ಟ್ರೋಫಿ ಸಿಕ್ಕ ಮರುವಾರ. ನಾನು ಇಂಟರ್‌ನೆಟ್ಟಿನಿಂದ ಅಂಕಿಸಂಖ್ಯೆ ಇಳಿಸಿ, ಹಾಳೆಗಟ್ಟಲೆ ಪ್ರಿಂಟ್ ತೆಗೆದು, ಟೀಪಾಯಿ ಮೇಲೆ ಹರಡಿ, “ಇವತ್ತು ಇದನ್ನ ಸೆಟಲ್ ಮಾಡ್ಬಿಡೋಣ” ಎಂದೆ. ಇಬ್ಬರೂ ನಕ್ಕರು. ನಾನು ನಗಲಿಲ್ಲ. ಟ್ರೇಡ್ ಆದ ಮೇಲೆ ಗೆದ್ದರು ಎಂದರೆ ಟ್ರೇಡಿನಿಂದ ಗೆದ್ದರು ಎಂದಲ್ಲ, ಅದು ಕಾಕತಾಳೀಯ ಎಂದೆ. ನಾವು ಕೊಟ್ಟ ಆಟಗಾರ ಅಲ್ಲಿ ಹೋಗಿ ಏನೇನು ಹೊಡೆದ ಎಂದು ಸಾಲು ಸಾಲು ಓದಿದೆ. ಮಾವ ಬಾಯಿ ತೆರೆದಾಗಲೆಲ್ಲ ಅವರ ವಾದಕ್ಕೆ ಒಂದು ಲ್ಯಾಟಿನ್ ಹೆಸರಿನ ತರ್ಕದೋಷ ಅಂಟಿಸಿದೆ. ನಲವತ್ತು ನಿಮಿಷದಲ್ಲಿ, ಎರಡು ಸಲ ಚಾಂಪಿಯನ್ ಆದ ತಂಡ ಮೋಸ ಹೋಗಿತ್ತು ಎಂದು ಸಾಬೀತು ಮಾಡಿದೆ. ನಾಣ್ಯ ಚಿಮ್ಮಿರಲಿಲ್ಲ, ಕಷ್ಟದ ಪಕ್ಷ ಯಾವುದೋ ಅದನ್ನು ಆರಿಸಿಕೊಂಡಿದ್ದೆ, ಗೆದ್ದರೆ ಹೆಚ್ಚು ಮಜ ಎಂದು.

ಮಾವ ಹಾಳೆಗಳನ್ನು ಒಟ್ಟು ಮಾಡಿ, ಅಂಚು ಸರಿಮಾಡಿ ನನ್ನ ಕೈಗಿತ್ತರು.

“ಆಯ್ತು. ನೀನು ಓದಿದವಳು,” ಎಂದರು. ಆಮೇಲೆ ಟಿವಿ ನೋಡುತ್ತ, “ಕೊಟ್ಟದ್ದು ಕೊಟ್ಟಾಯ್ತು ಅಲ್ವಾ. ತಂದದ್ದು ಒಳ್ಳೇದೇ ಅಂತ ನಂಬದಿದ್ರೆ, ಮತ್ತೆ ಆಡುದು ಹೇಗೆ?” ಎಂದರು.

ಯಾವ ತಂಡದ ಮಾತು ಇದು ಎಂದು ನನಗೆ ಅರ್ಥವಾಗಲಿಲ್ಲ. ಅವರು ಕಾಫಿ ಕುಡಿದು ಎಂದಿಗಿಂತ ಮೊದಲಿನ ಬಸ್ಸಿಗೇ ಹೊರಟರು.

ಮುಂದಿನ ಶನಿವಾರ ಮಾವನಿಗೆ ಓವರ್‌ಟೈಮು. ಅದರ ಮುಂದಿನದು ಮಂಡಿ ನೋವು. ಮೂರನೆಯದಕ್ಕೆ ಫೋನೇ ಬರಲಿಲ್ಲ. ಅಪ್ಪ ಮಾಡಿದರೆ, “ಬರುವ ಬರುವ, ಒಂದು ದಿನ” ಎಂದರಂತೆ. ಹನ್ನೆರಡು ವರ್ಷದ ಯುದ್ಧ ಗೆದ್ದ ಅಪ್ಪ ಟಿವಿಯ ಸೌಂಡ್ ತೆಗೆದು ಮ್ಯಾಚ್ ನೋಡಲು ಶುರುಮಾಡಿದರು. ಒಮ್ಮೆ ಸುಮ್ಮನಿರಲಾರದೆ, “ಆ ಪಿಚರನ್ನ ಇನ್ನೂ ಯಾಕೆ ಇಟ್ಕೊಂಡಿದಾರೆ, ದಂಡ” ಎಂದರು. ಅಮ್ಮ ಬಟ್ಟೆ ಮಡಿಸುತ್ತ, “ಹೌದು ರೀ, ನೀವು ಹೇಳಿದ್ದೇ ಸರಿ” ಎಂದಳು. ಅಪ್ಪ ಎದ್ದು ಹಿತ್ತಲಿಗೆ ಹೋದರು. ಆವತ್ತು ಬೆಳಿಗ್ಗೆ ತಾನೇ ಕತ್ತರಿಸಿದ್ದ ಹುಲ್ಲನ್ನು ಮತ್ತೆ ಕತ್ತರಿಸಿದರು.

“ನಿನ್ನನ್ನ ಯಾರೇ ತೀರ್ಪು ಕೇಳಿದ್ದು?” ಎಂದಳು ಅಮ್ಮ.

“ಅವರೇ ತಾನೆ ಪ್ರತಿ ವಾರ ಯಾರು ಸರಿ, ಯಾರು ಸರಿ ಅಂತಿದ್ರು!”

“ಅಂತಿದ್ರು. ಕೇಳ್ತಿರ್ಲಿಲ್ಲ.”

ನಮ್ಮ ಹಳೆಯ ತರ್ಕಶಾಸ್ತ್ರದವರು ವಾಗ್ಯುದ್ಧವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ಎದುರಾಳಿಯನ್ನು ಕೆಡವಲಷ್ಟೇ ಮಾಡುವುದು ವಿತಂಡ. ನಾನು ಮಾಡಿದ್ದು ಎರಡನೆಯದೋ ಮೂರನೆಯದೋ ಎಂದು ಆ ವಾರವೆಲ್ಲ ಯೋಚಿಸಿದೆ. ಆದರೆ ಅವರಿಬ್ಬರು ಮಾಡುತ್ತಿದ್ದದ್ದು ಮೂರರಲ್ಲಿ ಯಾವುದೂ ಅಲ್ಲ. ಬರುವ ಶನಿವಾರ ಮತ್ತೆ ಸಿಗಲು ಕಾರಣ ಬೇಕಲ್ಲ ಎಂದು ಮಾಡುವ ವಾದಕ್ಕೆ ಶಾಸ್ತ್ರದವರು ಹೆಸರಿಟ್ಟಿಲ್ಲ. ಅವರ ಕಾಲದಲ್ಲಿ ಸ್ನೇಹಿತರ ಮನೆಗೆ ಸಬ್‌ವೇ, ಬಸ್ಸು ಎರಡನ್ನೂ ಹಿಡಿಯಬೇಕಿರಲಿಲ್ಲವೇನೋ.

ನಾಲ್ಕನೆಯ ವಾರ ಕ್ಲಾಸು ಮುಗಿಸಿ ಸಬ್‌ವೇ ಹತ್ತಿ ನಾರ್ತ್ ಯಾರ್ಕಿಗೆ ಹೋದೆ. ಕಟ್ಟಡದ ಎರಡು ಲಿಫ್ಟಿನಲ್ಲಿ ಒಂದು ಕೆಟ್ಟಿತ್ತು. ಬಾಗಿಲು ತೆರೆದ ಮಾವ, “ಹೇಳ್ಬೇಡ. ಇದು ನಮ್ಮ ಕಂಪೆನಿಯದ್ದಲ್ಲ” ಎಂದರು.

ದಾರಿಯುದ್ದಕ್ಕೂ ಕ್ಷಮೆಯ ಭಾಷಣ ತಯಾರಿಸಿದ್ದೆ, ಮೂರು ಅಂಶ, ಒಂದು ಉಪಸಂಹಾರ. ಮೊದಲನೆಯ ಅಂಶಕ್ಕೇ ತಡೆದರು.

“ಲಾಯರಮ್ಮ, ಮಂಡೆ ಬೆಚ್ಚ ಮಾಡ್ಬೇಡ. ಈಗ ನಾನೇ ಸರಿ ಅಂತ ಸುಳ್ಳು ಹೇಳ್ಲಿಕ್ಕೆ ಬಂದದ್ದಾ?”

“ಸುಳ್ಳಲ್ಲ ಮಾವ. ಆ ಕಡೆಯಿಂದಾನೂ ಆರ್ಗ್ಯೂ ಮಾಡಬಹುದು. ಪ್ರೂವ್ ಮಾಡಿ ತೋರಿಸ್ತೀನಿ.”

“ಅದು ಬೇಡ ಮಾರಾಯ್ತಿ. ಆ ಟ್ರೇಡು ಸರಿಯಾ ತಪ್ಪಾ, ನಿನಗೆ ನಿಜವಾಗಿ ಎಂತ ಅನಿಸ್ತದೆ?”

ಕೈ ಜೇಬಿಗೆ ಹೋಯಿತು. ಬಸ್ ಪಾಸ್ ಬಿಟ್ಟರೆ ಏನೂ ಇರಲಿಲ್ಲ. ನಾನು ಯೋಚಿಸಿದೆ. ಅಪ್ಪನ ಆಟಗಾರ ಇದ್ದಿದ್ದರೆ ಏನಾಗುತ್ತಿತ್ತು? ಅದನ್ನು ನೋಡಲು ಇನ್ನೊಂದು ಟೊರಾಂಟೊ ಬೇಕು. ಆ ಟೊರಾಂಟೊ ಇರುವ ಲೋಕದಲ್ಲಿ ಮಾವ ಏನನ್ನೂ ಕೊಟ್ಟುಬಿಡದೆ ಕಾರ್ಕಳದ ಶಾಲೆಯಲ್ಲೇ ಸೀಟಿ ಊದುತ್ತಿದ್ದರೋ, ನಾವು ಇನ್ನೂ ಎದುರು ಬಾಗಿಲಿನಲ್ಲೇ ಇದ್ದೆವೋ, ಬಲ್ಲವರು ಯಾರು?

“ಗೊತ್ತಿಲ್ಲ ಮಾವ,” ಎಂದೆ.

ಮಾವ ಸೋಫಾದ ತೋಳು ಬಡಿದು ನಕ್ಕರು. ಒಳಗಿನಿಂದ ಅತ್ತೆ ಏನಾಯಿತು ಎಂದು ಇಣುಕಿದರು. “ಹಾಗಾದ್ರೆ ತೀರ್ಪು ಕ್ಯಾನ್ಸಲ್!” ಎಂದರು ಮಾವ. “ನಮಗೆ ಮಾತ್ರ ಗೊತ್ತುಂಟಾ? ಗೊತ್ತಿದ್ದಿದ್ರೆ ಆ ಬಸ್ಸಲ್ಲಿ ಯಾರು ಬರ್ತಿದ್ರು?”

ಆ ಶನಿವಾರ ನಮ್ಮ ಬಾಗಿಲಲ್ಲಿ, ಬೂಟು ಬಿಚ್ಚುವ ಮೊದಲೇ, “ಮೂರ್ತಿಯವ್ರೆ, ನಿಮ್ಮ ಮಗಳು ಸರೆಂಡರ್!” ಎಂಬ ಕೂಗು ಕೇಳಿಸಿತು. ಅಪ್ಪ ಟಿವಿಯ ಸೌಂಡ್ ಏರಿಸಿದರು. ಆವತ್ತು ನಾನು ಮಾವನ ಪಕ್ಕ ಕೂತು ಟ್ರೇಡಿನ ಪರವಾಗಿ ವಾದಿಸಿದೆ. ಹಾಳೆಗಳಿರಲಿಲ್ಲ, ಲ್ಯಾಟಿನ್ ಇರಲಿಲ್ಲ, ಗೋಳಿಬಜೆ ಮಾತ್ರ ಇತ್ತು. ಅಪ್ಪನಿಗೆ ಸಿಟ್ಟೋ ಸಂತೋಷವೋ ಹೇಳಲಾರೆ. “ಹೋದ ತಿಂಗಳು ನೀನೇ ಅಲ್ವೇನೇ ಉಲ್ಟಾ ಹೇಳಿದ್ದು? ಯಾವ ತಂಡದವಳೇ ನೀನು?” ಎಂದು ಗದರುತ್ತ ನನ್ನ ತಟ್ಟೆಗೇ ಇನ್ನೆರಡು ಗೋಳಿಬಜೆ ಹಾಕಿದರು.

ಯಾವ ತಂಡದವಳು ಎಂದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ. ಬಸ್ಸಿನ ಹೊತ್ತಾದಾಗ ಮಾವ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ ಅದನ್ನೂ ಇತ್ಯರ್ಥ ಮಾಡಲು ನೋಡಿದರು.

“ಇವಳನ್ನು ನಮಗೆ ಟ್ರೇಡ್ ಮಾಡಿ ಮೂರ್ತಿಯವ್ರೆ.”

“ಬದಲಿಗೆ ಯಾರನ್ನ ಕೊಡ್ತೀರಿ?”

“ಒಬ್ಬರನ್ನು ಕೊಡುವ. ಹೆಸರು ಆಮೇಲೆ ಹೇಳ್ತೇನೆ.”

ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದು ಬಂದಳು. “ಆಮೇಲೆ ಅಂದ್ರೆ ಯಾವಾಗ?”

“ಬರುವ ಶನಿವಾರ ಅಕ್ಕ,” ಎಂದು ಮಾವ ಡಬ್ಬಿ ಅಲ್ಲೇ ಬಿಟ್ಟು ಹೊರಟರು.