ಶಿವರುದ್ರಮ್ಮನ ಎಡಮಂಡಿಯ ಪಕ್ಕದ ಗುಡ್ಡೆ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಶಂಕರಲಿಂಗಪ್ಪನವರ ಕಡಲೇಬೀಜದ ಶೆಡ್ಡು ಇದೆ. ಅಲ್ಲಿ ನಾವು ಹೆಂಗಸರು ಸಾಲಾಗಿ ಕುಳಿತು ಮೊರದಲ್ಲಿ ಬೀಜ ಆರಿಸುತ್ತೇವೆ. ಶಿವರುದ್ರಮ್ಮ ನನ್ನ ಪಕ್ಕದವಳು. ಅವಳ ತವರು ಶಿರಾ ಕಡೆಯ ತಾವರೆಕೆರೆ. ಮದುವೆಯಾಗಿ ಬಂದ ವರ್ಷವೇ ಈ ಸಾಲಿನಲ್ಲಿ ಕುಳಿತವಳು, ಮಗಳ ಬಾಣಂತನಕ್ಕೆ ಬಿಟ್ಟರೆ ಎದ್ದವಳಲ್ಲ. ಬಾಯಿ ಊರಿನ ಸುದ್ದಿ ಆಡುತ್ತಿರುತ್ತದೆ, ಕಣ್ಣು ಬಾಗಿಲ ಕಡೆ ಇರುತ್ತದೆ, ಕೈ ಮಾತ್ರ ತನ್ನ ಪಾಡಿಗೆ ಮುರುಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನು ಹೆಬ್ಬೆರಳಿನಿಂದ ಆಚೆ ತಳ್ಳುತ್ತಿರುತ್ತದೆ. ಅವಳ ಮನೆಗೆ ಹೋದರೆ ಬೀಜ ಹುರಿದು ಕೊಡುತ್ತಾಳೆ. ಅದರಲ್ಲಿ ಒಂದು ಕಹಿ ಬೀಜ ಸಿಕ್ಕಿದ್ದು ನನಗೆ ನೆನಪಿಲ್ಲ. ಇನ್ನೊಬ್ಬರ ಕೈಗೆ ಇಡುವ ಮುಂಚೆ ಕೆಟ್ಟದ್ದನ್ನು ತೆಗೆಯಬೇಕೆಂದು ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು.

ಹೋದ ವರ್ಷ ಶೆಡ್ಡಿನ ಪಕ್ಕದ ಕೋಣೆಗೆ ಹೊಸ ಯಂತ್ರ ಬಂತು. ಕ್ರೊಮಾಟೋಗ್ರಫಿ ಯಂತ್ರ ಎನ್ನುತ್ತಾರೆ. ಅದನ್ನು ನೋಡಿಕೊಳ್ಳಲು ಕೊರಟಗೆರೆಯಿಂದ ತೇಜಸ್ವಿನಿ ಎಂಬ ಹುಡುಗಿ ದಿನಾ ಬಸ್ಸಿನಲ್ಲಿ ಬರುತ್ತಾಳೆ. ನಾನು ಕೇಳಿದ್ದಕ್ಕೆ ಬೇಸರಪಡದೆ ಬಿಡಿಸಿ ಹೇಳಿದಳು. ಬೂಷ್ಟು ಹಿಡಿದ ಬೀಜದಲ್ಲಿ ಒಂದು ಬಗೆಯ ವಿಷ ಹುಟ್ಟುತ್ತದಂತೆ, ಹುರಿದರೂ ಪೂರಾ ಹೋಗುವುದಿಲ್ಲವಂತೆ. ಬೀಜವನ್ನು ಪುಡಿ ಮಾಡಿ, ಔಷಧಿ ನೀರಿನಲ್ಲಿ ಕಲಸಿ, ಸೋಸಿ, ಕಿರುಬೆರಳಿನಷ್ಟಿರುವ ಗಾಜಿನ ಸೀಸೆಗೆ ತುಂಬಿಡುತ್ತಾಳೆ. ಯಂತ್ರ ಅದರಿಂದ ಒಂದು ತೊಟ್ಟು ಹೀರಿ ಉಕ್ಕಿನ ಕೊಳವೆಯೊಳಕ್ಕೆ ನೂಕುತ್ತದೆ. ಒಟ್ಟಿಗೆ ಒಳಹೋದದ್ದು ಬೇರೆ ಬೇರೆಯಾಗಿ, ಒಂದರ ಹಿಂದೆ ಒಂದು ಹೊರಬರುತ್ತದೆ. ವಿಷ ಬರುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಗೆರೆ ಮೇಲೇಳುತ್ತದೆ. ವಿಷ ಹೆಚ್ಚಿದ್ದಷ್ಟೂ ಗೆರೆ ಎತ್ತರ. ನಮ್ಮವರು ಬಾಗಿಲಲ್ಲಿ ನಿಂತು, "ತೇಜವ್ವಾ, ಮಧುಗಿರಿ ಬೆಟ್ಟ ಬಂತಾ?" ಎಂದು ಕೂಗುತ್ತಿದ್ದರು.

ಚೀಲಗಳಿಂದ ಸ್ಯಾಂಪಲ್ ತೆಗೆದುಕೊಡಲು ನಂಬಿಕಸ್ಥರು ಬೇಕು ಎಂದಾಗ ಎಲ್ಲರೂ ಶಿವರುದ್ರಮ್ಮನನ್ನೇ ತೋರಿಸಿದರು. ಅವಳು ಚೀಲಕ್ಕೊಂದು ಹಿಡಿ ತೆಗೆದು ತಟ್ಟೆ ತುಂಬಿ ಕೊಡುತ್ತಿದ್ದಳು. ಯಾವ ಊರಿನ ಮಾಲು ಬಂದರೂ ಗೆರೆ ಏಳಲಿಲ್ಲ. ಯಂತ್ರ ಒಪ್ಪಿದ ಮಾಲನ್ನು ನಮ್ಮಿಂದ ಆರಿಸದೆ, ಬರೀ ಜರಡಿ ಹಿಡಿದು ನೇರ ಲಾರಿಗೆ ಹಾಕಿಸುತ್ತಿದ್ದರು.

ಸುಗ್ಗಿ ಮುಗಿಯುವ ಹೊತ್ತಿಗೆ ಚೆನ್ನೈ ಬಂದರಿನಿಂದ ಒಂದು ಲೋಡು ವಾಪಸ್ಸು ಬಂತು. ಅಲ್ಲಿನ ಪರೀಕ್ಷೆಯಲ್ಲಿ ವಿಷ ಸಿಕ್ಕಿತ್ತು. ಅದು ತಾವರೆಕೆರೆಯ ಮಾಲು. ಕಳಿಸಿದವನು ಶಿವರುದ್ರಮ್ಮನ ತಮ್ಮ ಅಡವಯ್ಯ.

ಶಂಕರಲಿಂಗಪ್ಪನವರು ಎಲ್ಲರೆದುರಿಗೇ ಕೇಳಿಬಿಟ್ಟರು. "ತಮ್ಮನ ಮಾಲು ಅಂತ ಒಳ್ಳೇದು ನೋಡಿ ಕೊಟ್ಯಾ ಶಿವರುದ್ರಕ್ಕಾ?"

"ನನ್ ಕೈಯಾಗೆ ಮೋಸ ಇಲ್ಲ ಸಾವ್ಕಾರ್ರೇ. ಎಲ್ಲಾರ್ದೂ ಹೆಂಗೆ ತೆಗೆದ್ನೋ ಅಂಗೇ ಅವನ್ದೂ ತೆಗೆದೆ."

"ಅಂಗಾದ್ರೆ ಯಂತ್ರ ಸುಳ್ಳು ಹೇಳ್ತಾ? ನಾಳೆಯಿಂದ ಬರಬ್ಯಾಡ ಬುಡು."

ಶಿವರುದ್ರಮ್ಮ ಮೊರವನ್ನು ಗೋಡೆಗೆ ಒರಗಿಸಿ ಎದ್ದಳು. ಕೂಲಿ ಇನ್ನೊಂದು ಶೆಡ್ಡಿನಲ್ಲಿ ಸಿಗುತ್ತಿತ್ತು. ಆದರೆ ಕಳ್ಳಿ ಎನ್ನಿಸಿಕೊಂಡು ಈ ಬಾಗಿಲು ದಾಟಿದರೆ ಆ ಮಾತು ತವರಿನವರೆಗೂ ಹೋಗುತ್ತಿತ್ತು. ಅಷ್ಟರಲ್ಲಿ ತೇಜಸ್ವಿನಿ ಹೊರಗೆ ಬಂದಳು.

"ಸಾರ್, ಇವತ್ತು ಬಂದಿರೋ ಪಾವಗಡದ ಮಾಲಲ್ಲಿ ಅಜ್ಜಿ ಇನ್ನೊಂದು ಸಲ ಸ್ಯಾಂಪಲ್ ತೆಗೀಲಿ. ನಾನು ಪಕ್ಕದಲ್ಲೇ ಕೂತು ನೋಡ್ತೀನಿ. ಆಮೇಲೆ ಹೇಳೋರಂತೆ."

ಶಿವರುದ್ರಮ್ಮ ಚೀಲಗಳ ಮುಂದೆ ಕುಳಿತಳು. "ನೋಡ್ಕೊ ಮಗಾ, ಇಂಗೆ, ಇಷ್ಟೇಯ" ಎನ್ನುತ್ತ ಹಿಡಿ ಹಿಡಿ ತೆಗೆದು ತಟ್ಟೆಗೆ ಹಾಕಿದಳು. ಕಣ್ಣಿನಲ್ಲಿ ನೀರಿತ್ತು, ಬೀಜದ ಮೇಲೆ ಕಣ್ಣಿರಲಿಲ್ಲ. ತಟ್ಟೆ ತುಂಬಿತು. ತೇಜಸ್ವಿನಿ ತಟ್ಟೆ ನೋಡಲಿಲ್ಲ, ಅವಳ ಎಡಮಂಡಿಯ ಪಕ್ಕದ ನೆಲ ನೋಡಿದಳು.

"ಅಜ್ಜೀ, ಇದೇನು?"

"ಯಾವ್ದು?"

"ಈ ಗುಡ್ಡೆ."

ಯಾರೋ ಬೇರೆಯವರು ತಂದು ಸುರಿದಿದ್ದಾರೇನೋ ಎಂಬಂತೆ ಶಿವರುದ್ರಮ್ಮ ಅದನ್ನು ನೋಡಿದಳು. "ಅದಾ... ಅದು ಕೆಟ್ಟಿರಾದು ಕಣವ್ವಾ. ಕೆಟ್ಟಿರಾದ್ನ ಹೆಂಗೆ ನಿನ್ ಕೈಗೆ ಕೊಡ್ಲಿ?"

ನಮ್ಮ ಸಾಲಿಗೆ ಹೊಸದಾಗಿ ಸೇರಿದ್ದ ನಾಹಿದಾ ತಡೆಯಲಾರದೆ ನಕ್ಕಳು. "ಯಂತ್ರಕ್ಕೂ ನೆಂಟರ ಉಪಚಾರ ಮಾಡವ್ಳೆ ನಮ್ಮಕ್ಕ!"

ತೇಜಸ್ವಿನಿ ನಗಲಿಲ್ಲ. "ಚೀಲದಲ್ಲಿ ಹೆಂಗಿದೆಯೋ ಹಂಗೇ ಬೇಕು ಅಂತ ನಾನು ಹೇಳ್ಲೇ ಇಲ್ವಲ್ಲ ಅಜ್ಜಿ" ಎಂದಳು. ತಟ್ಟೆಯದನ್ನೂ ಗುಡ್ಡೆಯದನ್ನೂ ಬೇರೆ ಬೇರೆ ಪುಡಿ ಮಾಡಿ ಪರೀಕ್ಷೆಗೆ ಇಟ್ಟಳು. ಮಧ್ಯಾಹ್ನದ ಮೇಲೆ ನಮ್ಮನ್ನೆಲ್ಲ ಒಳಗೆ ಕರೆದಳು. ತಟ್ಟೆಯ ಗೆರೆ ಚಾಪೆಯಂತೆ ಮಲಗಿತ್ತು. ಗುಡ್ಡೆಯದು ಕಂಪ್ಯೂಟರಿನ ನೆತ್ತಿಗೆ ಹೋಗಿ ಮುಟ್ಟಿತ್ತು.

ಶಂಕರಲಿಂಗಪ್ಪನವರು ಬಗ್ಗಿ ಎರಡು ಗೆರೆಯನ್ನೂ ನೋಡಿದರು. "ಪಾವಗಡದಾಗೆ ನಿಂಗೆ ಯಾವ ತಮ್ಮನೂ ಇಲ್ವಲ್ಲಕ್ಕ" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ನಾಳೆ ಬಾ" ಎಂದರು.

ಕಳಂಕ ಹೋಯಿತಲ್ಲ ಎಂದು ನಾವು ಹಿಗ್ಗಿದೆವು. ಶಿವರುದ್ರಮ್ಮ ಹಿಗ್ಗಲಿಲ್ಲ. "ಅಂಗಾದ್ರೆ ಇದಕ್ಕೂ ಮುಂಚೆ ಹೋದ ಮಾಲೆಲ್ಲ ಯಾರ ಹೊಟ್ಟೆಗೆ ಹೋಯ್ತೋ ತೇಜವ್ವಾ?" ಎಂದು ಕೇಳಿದಳು. ಆ ಹುಡುಗಿ ಸೀಸೆ ತೊಳೆಯತೊಡಗಿದಳು.

ಮುಂದಿನ ವಾರ ತುದಿ ಚೂಪಾದ ಕಬ್ಬಿಣದ ಕೊಳವೆ ತರಿಸಿದರು. ಚೀಲಕ್ಕೆ ಚುಚ್ಚಿದರೆ ದಾರಿಯಲ್ಲಿ ಸಿಕ್ಕ ಬೀಜವೆಲ್ಲ, ಒಳ್ಳೆಯದೋ ಕೆಟ್ಟದ್ದೋ, ಅದರೊಳಗೆ ಬರುತ್ತದೆ. ಸಾಹುಕಾರರು ಅದನ್ನು ಶಿವರುದ್ರಮ್ಮನ ಕೈಗೇ ಕೊಟ್ಟರು. ಅವಳು ನಾಹಿದಾಳ ಕೈಗಿಟ್ಟಳು. "ನಿನ್ ಕೈ ಇನ್ನಾ ಕಲ್ತಿಲ್ಲ, ನೀನೇ ತೆಗಿ. ನನ್ ಕೈ ನನ್ ಮಾತು ಕೇಳಾಕಿಲ್ಲ."

ವಾಪಸ್ಸು ಬಂದ ತಾವರೆಕೆರೆಯ ಮಾಲನ್ನು ನಾವೆಲ್ಲ ಕುಳಿತು ಆರಿಸಿದೆವು. ಮುಗಿದ ಮೇಲೆ ನಾಹಿದಾ ಕೊಳವೆ ಚುಚ್ಚಿ ತಟ್ಟೆಗೆ ಸುರಿದಳು. ಮೇಲೆಯೇ ಒಂದು ಕಪ್ಪು ಬೀಜ ಕಂಡಿತು. ಶಿವರುದ್ರಮ್ಮನ ಕೈ ಮೊರ ಬಿಟ್ಟು ಮುಂದೆ ಹೋಯಿತು. ತಟ್ಟೆಯ ಹತ್ತಿರ ನಿಂತಿತು. ಅವಳು ಆ ಕೈಯನ್ನು ಹಿಂದಕ್ಕೆ ಎಳೆದು ಸೆರಗಿನೊಳಗೆ ಸುತ್ತಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದು ಕುಳಿತಳು. ಕಪ್ಪು ಬೀಜದ ಸಮೇತ ತಟ್ಟೆ ಒಳಗೆ ಹೋಯಿತು. ಆವತ್ತು ಯಾರೂ ಬೆಟ್ಟದ ಮಾತು ಆಡಲಿಲ್ಲ.

ಬಿಸಿಲು ಇಳಿಯುವಾಗ ತೇಜಸ್ವಿನಿ ಬಾಗಿಲಿಗೆ ಬಂದಳು. "ಚಿಕ್ಕ ದಿಬ್ಬ ಐತೆ ಅಜ್ಜಿ. ಇನ್ನೊಂದು ಸಲ ಆರಿಸ್ಬೇಕು."

ಶಿವರುದ್ರಮ್ಮ ಸೆರಗಿನಿಂದ ಕೈ ತೆಗೆದಳು. "ತಂದು ಸುರೀರಿ ಅಂಗಾದ್ರೆ" ಎಂದು ಮೊರ ಎಳೆದುಕೊಂಡಳು.